ಸ್ಲೋ ವಿಮಾನ

ಗುಂಡಿಯ ಡಬ್ಬಿಯಲ್ಲಿ ಗುಂಡಿಯೊಂದನ್ನು ಬಿಟ್ಟು ಉಳಿದೆಲ್ಲ ಇರುತ್ತದೆ ಎಂಬುದು ಹೊಲಿಗೆ ಮಾಡುವವರಿಗೆ ಗೊತ್ತು. ಮೊನ್ನೆ ಒಂದು ರವಿಕೆಗೆ ಹುಕ್ಕು ಬೇಕಾಗಿ ಡಬ್ಬಿಯನ್ನು ಚಾಪೆಯ ಮೇಲೆ ಸುರಿದೆ. ಹುಕ್ಕು ಸಿಗಲಿಲ್ಲ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ, ನಡುವೆ ಮಡಚಿದ ಹನ್ನೊಂದು ತಗಡಿನ ಚೂರುಗಳು ಸಿಕ್ಕಿದವು. ಒಂದರ ಮೇಲೆ ಬಿಯರ್ ಕಂಪೆನಿಯ ಹಸಿರು ಬಣ್ಣ ಇನ್ನೂ ಹೊಳೆಯುತ್ತಿತ್ತು. ಇದು ವಿಮಾನದ ಭಾಗ ಎಂದರೆ ಯಾರೂ ನಂಬುವುದಿಲ್ಲ. ನೀವೂ ಈಗಲೇ ನಂಬಬೇಡಿ, ಸ್ವಲ್ಪ ತಡೆಯಿರಿ.

ವಿಮಾನ ಇವರದ್ದು. ಇವರು ಎಂದರೆ ನನ್ನ ಯಜಮಾನರು. ಹೋಗಿ ಹತ್ತು ತಿಂಗಳಾಯಿತು. ಹೋದವರನ್ನು 'ಅವರು' ಎನ್ನಬೇಕು, 'ಇವರು' ಎನ್ನಬಾರದು ಎಂದು ನನ್ನ ನಾದಿನಿ ಎರಡು ಸಲ ತಿದ್ದಿದ್ದಾಳೆ. ಮೂವತ್ತು ವರ್ಷ ಹೆಸರು ಹಿಡಿಯದೆ 'ಇವರು' ಎಂದ ಬಾಯಿ ನನ್ನದು. ಬದುಕಿದ್ದಾಗಲೂ ಇವರು ರಜೆಯ ದಿನ ಮನೆಯಲ್ಲಿದ್ದದ್ದು ಕಡಿಮೆ. ಯಾವುದೋ ಕೆರೆಯ ದಂಡೆಯಲ್ಲಿ ಕೆಸರು ತುಳಿಯುತ್ತಿದ್ದರು. ಆಗಲೂ ಕೇಳಿದವರಿಗೆ 'ಇವರು ಇಲ್ಲ' ಎಂದೇ ಹೇಳುತ್ತಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ, ಅಷ್ಟೆ. ನಾನು ಓದಿದ್ದು ಹತ್ತನೆಯ ತರಗತಿ. ವ್ಯಾಕರಣ ಅದಕ್ಕಿಂತ ಮೇಲಿನವರು ನೋಡಿಕೊಳ್ಳಲಿ.

ವಿಮಾನ ಅಂದೆನಲ್ಲ, ಅದು ಮನುಷ್ಯರು ಕೂರುವಂಥದ್ದಲ್ಲ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ನಮ್ಮ ಮಂಚದಷ್ಟು ಉದ್ದ. ದಂಡೆಯಲ್ಲಿ ನಿಂತು ಕೈಯಲ್ಲಿ ರಿಮೋಟು ಹಿಡಿದು ಹಾರಿಸುವುದು. ಇವರು ಠಾಣೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಡೊಂಬಿವಲಿಯಿಂದ ಠಾಣೆಗೆ ದಿನವೂ ಸ್ಲೋ ಲೋಕಲ್. ಫಾಸ್ಟ್ ಗಾಡಿಯಲ್ಲಿ ಹೋದರೆ ಬೇಗ ತಲುಪಬಹುದಲ್ಲ ಎಂದರೆ, "ಬೇಗ ತಲುಪಿ ಎಂತ ಮಾಡುವುದು? ಅಲ್ಲಿಯೂ ಕೆಲಸವೇ ಅಲ್ವಾ?" ಎನ್ನುತ್ತಿದ್ದರು. ನಿಜವಾದ ಕಾರಣ ಬೇರೆ ಇತ್ತು. ಫಾಸ್ಟ್ ಗಾಡಿ ಸುರಂಗ ಹಿಡಿಯುತ್ತಿತ್ತು, ಸ್ಲೋ ಗಾಡಿಯಲ್ಲಿ ಮುಂಬ್ರಾ ದಾಟಿದ ಮೇಲೆ ಖಾಡಿ, ಎಂದರೆ ಸಮುದ್ರದ ಹಿನ್ನೀರು, ಕಾಣುತ್ತಿತ್ತು. ಅಲ್ಲಿ ನೀರುಕಾಗೆಗಳು ಏಳುವುದನ್ನು ನೋಡಲು ಇವರು ಬಾಗಿಲಲ್ಲಿ ಯಾರ ಯಾರದೋ ಕಂಕುಳ ಕೆಳಗಿನಿಂದ ಕುತ್ತಿಗೆ ಚಾಚಿ ನಿಲ್ಲುತ್ತಿದ್ದರು.

"ನೀರುಕಾಗೆ ನೇರ ಹಾರುವುದಿಲ್ಲ ಮಾರಾಯ್ತಿ. ಮೊದಲು ನೀರಿನ ಮೇಲೆ ಓಡುತ್ತದೆ. ಪಟಪಟ ಪಟಪಟ ಓಡಿ ಆಮೇಲೆ ಏಳುವುದು."

"ಪಾಪ, ಅದಕ್ಕೂ ಲೋಕಲ್ ತಪ್ಪುತ್ತದೋ ಏನೋ," ಎಂದೆ.

ವಿಮಾನವನ್ನು ಮೊದಲು ಮೈದಾನದಲ್ಲೇ ಹಾರಿಸುತ್ತಿದ್ದರು. ಆದರೆ ಡೊಂಬಿವಲಿಯ ಮೈದಾನಗಳು ಒಂದೊಂದಾಗಿ ಸೊಸೈಟಿಗಳಾದವು. ಒಂದು ವರ್ಷ ವಿಮಾನ ಇಳಿದ ಜಾಗದಲ್ಲಿ ಮರುವರ್ಷ ಯಾರದೋ ಅಡುಗೆಮನೆ. ಕೊನೆಗೆ ಇವರು ವಿಮಾನದ ಚಕ್ರ ಕಿತ್ತು ಅದರ ಜಾಗದಲ್ಲಿ ತೇಲುವ ಎರಡು ದೋಣಿ ಕಟ್ಟಲು ಹೊರಟರು. "ನೀರಿನ ಮೇಲೆ ಯಾರೂ ಟವರ್ ಕಟ್ಟುವುದಿಲ್ಲ," ಎಂದರು. "ಸದ್ಯಕ್ಕೆ," ಎಂದೆ ನಾನು.

ದೋಣಿಗಳಿಗೆ ಬೇಕಾದ ಥರ್ಮೊಕೋಲು ಗಣಪತಿಯ ದಯೆ. ವಿಸರ್ಜನೆ ಮುಗಿದ ಮೇಲೆ ಬಿಲ್ಡಿಂಗಿನ ಕಸದ ಮೂಲೆಯಲ್ಲಿ ಮಂಟಪಗಳು ಮುರಿದು ಬಿದ್ದಿರುತ್ತವಲ್ಲ, ಅದನ್ನೇ ಹೊತ್ತು ತಂದರು. ಹಾಗಾಗಿ ನಮ್ಮ ಮೊದಲ ವಿಮಾನದ ಕಾಲುಗಳಿಗೆ ಚಿನ್ನದ ಬಣ್ಣ, ಒಂದು ಬದಿಯಲ್ಲಿ ಅರ್ಧ ನವಿಲು. ಇವರು ಫಿಟ್ಟರ್ ಅಲ್ಲವೇ, ಅದರ ತಳವನ್ನು ಪಾಲಿಶ್ ಕಾಗದದಲ್ಲಿ ಉಜ್ಜಿ ಉಜ್ಜಿ ಗಾಜಿನಂತೆ ನುಣುಪು ಮಾಡಿದರು. ಆ ವಿಮಾನ ನೀರಿನ ಮೇಲೆ ಚೆನ್ನಾಗಿ ಓಡಿತು. ಓಡಿತು, ಓಡಿತು, ಎದುರಿನ ದಂಡೆಗೆ ಹೋಗಿ ಹೊಡೆಯಿತು. ಏಳಲಿಲ್ಲ.

ಮೂರು ಭಾನುವಾರ ಹೀಗೇ ಆಯಿತು. ನಾಲ್ಕನೆಯ ಸಲ ಬಂದಾಗ ನಾನು ದೋಸೆ ಹುಯ್ಯುತ್ತಿದ್ದೆ. ಇವರು ಒಲೆಯ ಪಕ್ಕ ನಿಂತು ಗೊಣಗಿದರು: "ನೀರು ಬಿಡುವುದೇ ಇಲ್ಲ. ತಳವನ್ನು ಹಿಡಿದು ಎಳೆಯುತ್ತದೆ."

"ಅಷ್ಟು ನುಣುಪಾದರೆ ಹಿಡಿಯದೆ? ದೋಸೆಯ ಅಂಚು ಒಂದು ಕಡೆ ಎದ್ದರೆ ಗಾಳಿ ಹೋಗುತ್ತದೆ, ಪೂರ್ತಿ ಏಳುತ್ತದೆ. ಇಡೀ ದೋಸೆ ಒಟ್ಟಿಗೆ ಎತ್ತುತ್ತೇನೆ ಅಂದರೆ ಎತ್ತಿ ನೋಡಿ," ಎಂದು ಸಟ್ಟುಗ ಕೊಟ್ಟೆ.

ಇವರು ದೋಸೆ ತಿನ್ನದೆ ಹೊರಗೆ ಹೋದರು. ದೋಣಿಯ ತಳವನ್ನು ಅರ್ಧಕ್ಕೆ ಕೊಯ್ದು ಹಿಂದಿನ ಅರ್ಧವನ್ನು ಬೆರಳಿನಷ್ಟು ಮೇಲಕ್ಕೆ ಮಾಡಿದರು, ಮೆಟ್ಟಿಲಿನ ಹಾಗೆ. ಅಲ್ಲಿ ಗಾಳಿ ನುಗ್ಗಿ ನೀರು ಬಿಟ್ಟುಕೊಡುತ್ತದಂತೆ. ಪುಸ್ತಕದಲ್ಲಿಯೂ ಹಾಗೇ ಇದೆ ಎಂದು ಆಮೇಲೆ ಗೊತ್ತಾಯಿತು. ಮೊದಲೇ ಪುಸ್ತಕ ನೋಡಿದ್ದರೆ ನನ್ನ ಹೆಸರು ಎಲ್ಲಿ ಬರುತ್ತಿತ್ತು?

ಇವರ ಜೊತೆಗಾರ ಸಾವಂತ್. ಕಲ್ಯಾಣದವರು, ರೈಲ್ವೆಯಲ್ಲಿ ಗುಮಾಸ್ತರು. ಇವರನ್ನು 'ಅಣ್ಣಾ' ಎಂದೂ ನನ್ನನ್ನು 'ವಹಿನಿ', ಎಂದರೆ ಅತ್ತಿಗೆ, ಎಂದೂ ಕರೆಯುತ್ತಾರೆ. ಅವರದು ಮರಾಠಿ, ನಮ್ಮದು ಮನೆಯಲ್ಲಿ ತುಳು, ಇಬ್ಬರ ನಡುವೆ ಮುಂಬಯಿ ಹಿಂದಿ. ಕಲ್ಯಾಣದಿಂದ ಶೀಳ್ ಕಡೆ ಹೋಗುವ ರಸ್ತೆಯಿಂದ ಒಳಗೆ ಒಂದು ಕೆರೆಯನ್ನು ಹುಡುಕಿದವರು ಅವರೇ. ಮೆಟ್ಟಿಲು ಮಾಡಿದ ದೋಣಿಯ ಮೊದಲ ಪರೀಕ್ಷೆಗೆ ನಾನೂ ಹೋಗಿದ್ದೆ. ಸಾವಂತ್ ಮೊಣಕಾಲು ನೀರಿನಲ್ಲಿ ನಿಂತು ವಿಮಾನದ ಬಾಲ ಹಿಡಿದುಕೊಂಡಿದ್ದರು. ಮೂತಿಯ ಫ್ಯಾನು ಪೂರ್ತಿ ಜೋರಾದಾಗ ಬಿಡಬೇಕು ಎಂದು ಮಾತಾಗಿತ್ತು. ಫ್ಯಾನು ಜೋರಾಯಿತು. ಇವರಿಗೆ ಆವೇಶ ಬಂದರೆ ಹಿಂದಿ ಹೋಗಿ ತುಳು ಬರುತ್ತದೆ.

"ಬುಡು! ಬುಡು! ಬುಡು!" ಎಂದು ಕಿರುಚಿದರು.

ತುಳುವಿನಲ್ಲಿ ಬುಡು ಎಂದರೆ ಬಿಡು. ಮರಾಠಿಯಲ್ಲಿ ಬುಡಣೆ ಎಂದರೆ ಮುಳುಗುವುದು. ಸಾವಂತ್ ಬಿಡಲಿಲ್ಲ, ಇನ್ನೂ ಗಟ್ಟಿಯಾಗಿ ಹಿಡಿದರು. ಇವರು ಇನ್ನೂ ಜೋರಾಗಿ ಬುಡು ಎಂದರು. ಸಾವಂತ್ ವಿಮಾನವನ್ನು ಮಗುವನ್ನು ಎತ್ತಿದ ಹಾಗೆ ತಲೆಯ ಮೇಲೆತ್ತಿ, ಫ್ಯಾನು ಗಿರಗಿರ ತಿರುಗುತ್ತಿರುವಾಗಲೇ ದಂಡೆಗೆ ಓಡಿ ಬಂದರು. "ಕುಠೇ ಬುಡತಂಯ್ ಅಣ್ಣಾ?" ಎಲ್ಲಿ ಮುಳುಗುತ್ತಿದೆ ಎಂದು. ರಸ್ತೆಯಲ್ಲಿ ಹೋಗುತ್ತಿದ್ದ ರಿಕ್ಷಾದವನು ಯಾರೋ ಮುಳುಗಿದರೆಂದು ಅಂಗಿ ಬಿಚ್ಚಿಕೊಂಡು ಕೆರೆಗೆ ಇಳಿದೇಬಿಟ್ಟ. ಅವನಿಗೆ ಚಹಾ ಕುಡಿಸಿ ಕಳಿಸಬೇಕಾಯಿತು. ಅಂದಿನಿಂದ ಸಾವಂತರಿಗೆ ಒಂದು ತುಳು ಶಬ್ದ ಬರುತ್ತದೆ. ಅದನ್ನು ಅವರು ಎಲ್ಲದಕ್ಕೂ ಬಳಸುತ್ತಾರೆ, ಗ್ಯಾಸ್ ಸಿಲಿಂಡರ್ ಇಳಿಸುವವನಿಗೂ.

ಆ ವಿಮಾನ ಆಮೇಲೆ ಎದ್ದಿತು. ವರ್ಷಗಟ್ಟಲೆ ಎದ್ದಿತು, ಬಿತ್ತು, ಅಂಟಿಸಿಕೊಂಡಿತು. ಅದೆಲ್ಲ ಹೇಳುತ್ತಾ ಹೋದರೆ ರವಿಕೆ ಇವತ್ತು ಮುಗಿಯುವುದಿಲ್ಲ.

ಇವರು ಕೆಲಸ ಬಿಟ್ಟ ವರ್ಷ ಬಲಗೈ ನಡುಗಲು ಸುರುವಾಯಿತು. ಊಟ ಮಾಡುವಾಗ ಸಾರು ತಟ್ಟೆಯಿಂದ ತಾನಾಗಿ ಅಂಗಿಗೆ ಬರುತ್ತಿತ್ತು. ಡಾಕ್ಟರು ಕಂಪವಾತ ಎಂದರು. ಸುಮ್ಮನಿದ್ದಾಗ ನಡುಗುವ ಕೈ ಕೆಲಸಕ್ಕೆ ಹಚ್ಚಿದರೆ ಸ್ವಲ್ಪ ನಿಲ್ಲುತ್ತದೆ, ಆದರೆ ಕೆಲಸಕ್ಕೆ ಹೊರಡುವುದೇ ತಡ, ಎಂದು ವಿವರಿಸಿದರು. "ಹಾಗಾದರೆ ಸರಕಾರಿ ಕೈ," ಎಂದರು ಇವರು. ಡಾಕ್ಟರು ನಗಲಿಲ್ಲ. ಇದು ನಿಧಾನವಾಗಿ ಮುಂದುವರಿಯುವ ಕಾಯಿಲೆ ಎಂದರು. ಮೆಟ್ಟಿಲಿಳಿಯುವಾಗ ಇವರು ನನಗೆ ಹೇಳಿದರು: "ಸ್ಲೋ ಲೋಕಲ್ ಮಾರಾಯ್ತಿ. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ." ನಾನೂ ನಗಲಿಲ್ಲ. ರಿಕ್ಷಾ ಕರೆದೆ.

ವಿಮಾನಕ್ಕೆ ಇದರಿಂದ ಎಂತ ತೊಂದರೆ ಎಂದು ನೀವು ಕೇಳಬಹುದು. ಇಳಿಸುವಾಗ ಹೆಬ್ಬೆರಳಿನಲ್ಲಿ ರಿಮೋಟಿನ ಕಡ್ಡಿಯನ್ನು ಕೂದಲೆಳೆಯಷ್ಟು ಎಳೆಯಬೇಕು, ಅದೂ ಆ ಕ್ಷಣಕ್ಕೆ ಸರಿಯಾಗಿ. ಇವರ ಹೆಬ್ಬೆರಳಿಗೆ ಆಜ್ಞೆ ತಲುಪುವಾಗ ವಿಮಾನ ನೀರಿಗೆ ಮೂಗು ಹೊಡೆದಿರುತ್ತಿತ್ತು. ಒಂದು ಭಾನುವಾರ ವಿಮಾನ ಮೇಲಿರುವಾಗಲೇ ಸಾವಂತ್ ಇವರ ಕೈಯಿಂದ ರಿಮೋಟು ಕಿತ್ತುಕೊಂಡು ಇಳಿಸಿದರು. ಇಲ್ಲದಿದ್ದರೆ ಅದು ಪುಡಿಯಾಗುತ್ತಿತ್ತು. ಇವರು ಥ್ಯಾಂಕ್ಸ್ ಎಂದರು. ಮರುದಿನ ರಿಮೋಟನ್ನು ಕಪಾಟಿನ ಮೇಲೆ, ಸೂಟ್‌ಕೇಸಿನ ಹಿಂದೆ ಇಟ್ಟರು. ಅದನ್ನು ಇವರು ಇಟ್ಟ ರೀತಿ ನನಗೆ ಸರಿಕಾಣಲಿಲ್ಲ. ಸತ್ತವರ ಚಪ್ಪಲಿಯನ್ನು ಹಾಗೆ ಎತ್ತಿಡುತ್ತಾರೆ.

ಹದಿನೈದು ದಿನ ಬಿಟ್ಟು ಚಹಾ ಕುಡಿಯುತ್ತಾ ಹೇಳಿದರು: "ಕೈಯನ್ನು ಬೇಗ ಮಾಡಲು ಆಗುವುದಿಲ್ಲ. ವಿಮಾನವನ್ನು ನಿಧಾನ ಮಾಡಬಹುದು."

"ಎಷ್ಟು ನಿಧಾನ?"

"ನನ್ನಷ್ಟು."

ಸಾವಂತರನ್ನು ಕರೆಸಿ ಷರತ್ತು ಹಾಕಿದರು. "ಒಂದೇ ಸಲ. ನೀರಿನಿಂದ ಏಳಿಸಿ, ಒಂದು ಸುತ್ತು ಹಾಕಿ, ನನ್ನ ಕೈಯಿಂದಲೇ ಇಳಿಸಬೇಕು. ಆಮೇಲೆ ರಿಮೋಟು ನಿನಗೆ. ಆದರೆ ನಡುವೆ ನೀನು ಕೈ ಹಾಕಿದರೆ ನನ್ನ ನಿನ್ನ ಮಾತು ಮುಗಿಯಿತು."

"ಪುಡಿಯಾದರೆ?"

"ಪುಡಿಯಾಗಲಿ. ಬಿದ್ದದ್ದೂ ನನ್ನ ಕೈಯಿಂದಲೇ ಅಂತ ಆಗಲಿ."

ವಿಮಾನ ನಿಧಾನ ಮಾಡುವುದು ಸುಲಭ ಎಂದುಕೊಂಡಿದ್ದೆ, ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದ ಹಾಗೆ. ಹಾಗಲ್ಲ. ತೀರಾ ನಿಧಾನವಾದರೆ ಅದು ಸ್ಟಾಲ್ ಆಗುತ್ತದೆ ಎಂದರು. ವಡಾಪಾವಿನ ಸ್ಟಾಲೋ, ಪೇಪರಿನ ಸ್ಟಾಲೋ ಎಂದು ಕೇಳಿದೆ. ಸ್ಟಾಲ್ ಎಂದರೆ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡು ದೊಪ್ಪನೆ ಬೀಳುವುದು. ಬೀಳಬಾರದು, ಓಡಲೂಬಾರದು. ಇದಕ್ಕೆ ಮೊದಲು ಭಾರ ಇಳಿಸಬೇಕು. ನನ್ನ ಅಡುಗೆಮನೆಯ ತಕ್ಕಡಿಯಲ್ಲಿ ವಿಮಾನದ ಒಂದೊಂದೇ ಅಂಗ ತೂಗಿದರು. ನವಿಲು ಹೋಯಿತು, ಚಿನ್ನದ ಬಣ್ಣ ಹೋಯಿತು. ದೋಣಿಯ ಬಿರುಕಿನೊಳಗೆ ಕಾಲು ಲೀಟರು ಹಳೆಯ ಕೆರೆ ನೀರು ಕುಳಿತಿತ್ತು, ಅದೂ ಹೋಯಿತು. ಫ್ಯಾನಿನ ಎಲೆ ಉದ್ದವಾಯಿತು, ಓರೆ ಕಡಿಮೆಯಾಯಿತು. ಘಾಟಿ ಹತ್ತುವಾಗ ಗಾಡಿಯನ್ನು ಸಣ್ಣ ಗೇರಿಗೆ ಹಾಕಿದ ಹಾಗೆ ಎಂದರು.

ರೆಕ್ಕೆ ದೊಡ್ಡದಾಗಬೇಕಿತ್ತು. ಅದರ ಬಟ್ಟೆ ನನ್ನ ಪಾಲಿಗೆ ಬಂತು. ಪಾಲಿಯೆಸ್ಟರ್ ಅಸ್ತರಿನ ಬಟ್ಟೆಯನ್ನು ಅಂಟಿಸಿ ಇಸ್ತ್ರಿ ಪೆಟ್ಟಿಗೆ ಹಿಡಿದರೆ ಕುಗ್ಗಿ ಡೋಲಿನ ಚರ್ಮದಂತೆ ಬಿಗಿಯಾಗುತ್ತದೆ. ಗಿರಾಕಿಗಳ ರವಿಕೆಗಳಿಂದ ಉಳಿದ ತುಂಡುಗಳನ್ನೇ ಜೋಡಿಸಿದೆ. ಒಂದು ರೆಕ್ಕೆ ಗಿಳಿಹಸಿರು, ಇನ್ನೊಂದು ಇಟ್ಟಿಗೆ ಬಣ್ಣ. ಕೈಕೆಳಗೆ ಕಂಕುಳ ಹತ್ತಿರ ಸ್ವಲ್ಪ ಸಡಿಲ ಬಿಡಲೇ ಎಂದು ಅಭ್ಯಾಸಬಲದಿಂದ ಕೇಳಿಬಿಟ್ಟೆ.

ಈಗ ತಗಡಿನ ಚೂರು. ವಿಮಾನ ನಿಧಾನವಾದಾಗ ರೆಕ್ಕೆಯ ಬೆನ್ನಿನ ಮೇಲಿನ ಗಾಳಿ ಸೋಮಾರಿಯಾಗಿ ನಡುವೆಯೇ ಬಿಟ್ಟುಹೋಗುತ್ತದಂತೆ. ರೆಕ್ಕೆಯ ಮುಂಭಾಗದಲ್ಲಿ ಸಾಲಾಗಿ ಇಂಥ ಚೂರುಗಳನ್ನು ಓರೆಯಾಗಿ ಅಂಟಿಸಿದರೆ ಅವು ಗಾಳಿಯನ್ನು ತಿರುಚಿ ಮತ್ತೆ ಒಳಗೆ ತಳ್ಳುತ್ತವೆ. ಡೊಂಬಿವಲಿ ಸ್ಟೇಷನ್ನಿನಲ್ಲಿ ಬಾಗಿಲ ಬಳಿ ನಿಂತವನನ್ನು ಹಿಂದಿನಿಂದ ಮೊಣಕೈಯಲ್ಲಿ ತಿವಿದು ಒಳಗೆ ಹಾಕುವವರು ಇರುತ್ತಾರಲ್ಲ, ಅದೇ ಕೆಲಸ. ಚೂರಿಗೆ ಬೇಕಾದ್ದು ತೆಳು ಅಲ್ಯುಮಿನಿಯಂ. ಅದು ಸಿಗುವುದು ಬಿಯರ್ ಕ್ಯಾನಿನಲ್ಲಿ. ಇವರು ಜೀವನದಲ್ಲಿ ಮದ್ಯ ಮುಟ್ಟಿದವರಲ್ಲ. ಸ್ಟೇಷನ್ ಹತ್ತಿರದ ಬಾರಿನ ಹಿಂಬಾಗಿಲಿನಿಂದ ಖಾಲಿ ಕ್ಯಾನುಗಳನ್ನು ಚೀಲದಲ್ಲಿ ತುಂಬಿಸಿಕೊಂಡು ಲಿಫ್ಟಿನಲ್ಲಿ ಬರುತ್ತಿದ್ದರು, ಕೈ ನಡುಗಿಸುತ್ತಾ, ಕ್ಯಾನು ಗಲಗಲ ಅನ್ನಿಸುತ್ತಾ. ಬಿಲ್ಡಿಂಗಿನವರು ಎರಡನ್ನೂ ಕೂಡಿಸಿ ಅರ್ಥ ಮಾಡಿಕೊಂಡರು. ಚೂರು ಕತ್ತರಿಸಿ ನನ್ನ ಒಳ್ಳೆಯ ಕತ್ತರಿ ಮೊಂಡಾಯಿತು. ಆ ಕತ್ತರಿಗೆ ಇವತ್ತಿಗೂ ಬಟ್ಟೆ ಕಂಡರೆ ಆಗುವುದಿಲ್ಲ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇವರು ಹೋದದ್ದು ಈ ವಿಮಾನ ಕಟ್ಟಿ ಮೂರು ವರ್ಷಕ್ಕೆ, ನಿಮೋನಿಯಾದಿಂದ, ಮಧ್ಯಾಹ್ನದ ಹೊತ್ತು. ನಾನು ಗಂಜಿ ಬಿಸಿ ಮಾಡಲು ಹೋಗಿದ್ದೆ. ಉತ್ತರಕ್ರಿಯೆಯ ದಿನ ನಮ್ಮವರಲ್ಲಿ ಹೋದವರಿಗೆ ಇಷ್ಟವಾದದ್ದನ್ನು ಬಾಳೆಲೆಯಲ್ಲಿ ಬಡಿಸಿ ಇಡುವ ಕ್ರಮ ಉಂಟು. ಬಂಗುಡೆ, ನೀರುದೋಸೆ ಎಲ್ಲ ಇಟ್ಟಿದ್ದೆ. ಮೇಲಿನ ಮಹಡಿಯ ವಸಂತಣ್ಣ ಮೆಲ್ಲನೆ ಅಡುಗೆಮನೆಗೆ ಬಂದರು. ಅವರೂ ನಮ್ಮ ಕಡೆಯವರೇ, ಹೋಟೆಲಿನಲ್ಲಿ ಮ್ಯಾನೇಜರು. ಪೇಪರಿನಲ್ಲಿ ಸುತ್ತಿದ ಏನನ್ನೋ ನನ್ನ ಕೈಗಿತ್ತರು.

"ಅತ್ತಿಗೆ, ತಪ್ಪು ತಿಳಿಯಬೇಡಿ. ಅವರಿಗೆ ಇಷ್ಟ ಇದ್ದದ್ದಲ್ವಾ. ಎಲೆಯ ಬದಿಯಲ್ಲಿ ಒಂದು ಇಡಿ. ಯಾರೂ ಎಂತದೂ ಹೇಳುವುದಿಲ್ಲ."

ತೆರೆದರೆ ಬಿಯರ್ ಕ್ಯಾನು, ತಣ್ಣಗೆ. ಹದಿಮೂರು ದಿನದಲ್ಲಿ ಮೊದಲ ಸಲ ನನಗೆ ನಗು ಬಂತು. ಸೆರಗು ಬಾಯಿಗೆ ಒತ್ತಿ ನಕ್ಕೆ, ವಸಂತಣ್ಣ ಅಳುತ್ತಿದ್ದೇನೆಂದು ತಿಳಿದು ತಾವೂ ಕಣ್ಣೊರೆಸಿಕೊಂಡರು. ಅವರಿಗೆ ನಿಜ ಹೇಳಲಿಲ್ಲ. ಕ್ಯಾನನ್ನು ಎಲೆಯ ಬದಿಯಲ್ಲಿ ಇಟ್ಟೆ. ಕುಡಿಯದಿದ್ದರೆ ಬೇಡ, ತಗಡಾದರೂ ಇವರಿಗೆ ಬೇಕಾಗುತ್ತದಲ್ಲ.

ಇನ್ನು ಷರತ್ತಿನ ಆ ದಿನ. ಜನವರಿಯ ಒಂದು ಭಾನುವಾರ. ನಾವು ಕೆರೆಗೆ ತಲುಪಿದಾಗ ಬೆಳಗ್ಗೆ ಎಂಟು. ಗಾಳಿ ಒಂದಿಷ್ಟೂ ಇಲ್ಲ, ನೀರು ಕನ್ನಡಿ. ನೋಡಲು ಚೆಂದ, ಆದರೆ ಕನ್ನಡಿ ನೀರು ದೋಣಿಯ ತಳವನ್ನು ಇನ್ನೂ ಗಟ್ಟಿ ಹಿಡಿಯುತ್ತದಂತೆ. ಎರಡು ಸಲ ಓಡಿಸಿದರು, ಏಳಲಿಲ್ಲ. ಮೂರನೆಯ ಸಲ ಸಾವಂತ್ ಪ್ಯಾಂಟು ಮಡಚಿ ನೀರಿಗಿಳಿದು ಎರಡು ಕಾಲಿನಲ್ಲೂ ನೀರನ್ನು ಒದೆಯಲು ಸುರು ಮಾಡಿದರು, ಅಲೆ ಏಳಲೆಂದು. ಐವತ್ತು ದಾಟಿದ ರೈಲ್ವೆ ಗುಮಾಸ್ತರು, ಹೊಟ್ಟೆ ಕುಣಿಸುತ್ತಾ ಕೆರೆಯಲ್ಲಿ ಕುಣಿದದ್ದು ನಾನು ನೋಡಿದ್ದೇನೆ. ನಾನೂ ಒಂದು ಬಕೆಟ್ಟಿನಿಂದ ನೀರೆರಚಿದೆ.

ಇವರು ರಿಮೋಟಿನ ಪಟ್ಟಿಯನ್ನು ಕುತ್ತಿಗೆಗೆ ಹಾಕಿ, ಕೈಯನ್ನು ಎದೆಗೆ ಒತ್ತಿ ನಿಂತಿದ್ದರು. ಅಲೆಗಳ ಮೇಲೆ ವಿಮಾನ ಓಡಿತು. ಮೊದಲು ಬಲದ ದೋಣಿಯನ್ನು ನೀರಿನಿಂದ ಎತ್ತಿದರು, ಆಮೇಲೆ ಎಡದ್ದು, ಲೋಕಲ್ ಹತ್ತುವವರು ಮೊದಲು ಒಂದು ಕಾಲು ಇಟ್ಟು ಮತ್ತೊಂದನ್ನು ಎಳೆದುಕೊಳ್ಳುವ ಹಾಗೆ. ನೀರಿಗೂ ದೋಣಿಗೂ ನಡುವೆ ಬೆಳಕು ಕಂಡಿತು. ಎದ್ದಿತು.

ಹೋಗುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ನಿಧಾನ. ಆಚೆ ದಂಡೆಯ ತಾಳೆಮರದ ಹತ್ತಿರ ಆಗಷ್ಟೇ ಎದ್ದ ಸಣ್ಣ ಗಾಳಿ ಎದುರಾಗಿ ಅದು ನಿಜವಾಗಿ ನಿಂತೇಬಿಟ್ಟಿತು.

"ಅಣ್ಣಾ, ಸಿಗ್ನಲ್ ಸಿಕ್ಕಿಲ್ಲವೇನು?" ಎಂದರು ಸಾವಂತ್. ತಮ್ಮ ಎರಡು ಕೈಗಳನ್ನೂ ತಾವೇ ಹಿಂದೆ ಕಟ್ಟಿ ಹಿಡಿದುಕೊಂಡಿದ್ದರು.

ಸುತ್ತು ಮುಗಿಯಿತು. ಇಳಿಸುವ ಹೊತ್ತು. ವಿಮಾನ ಮರದಷ್ಟು ಎತ್ತರದಿಂದ ಆಳೆತ್ತರಕ್ಕೆ ಬಂತು, ಆಳೆತ್ತರದಿಂದ ಮೊಣಕಾಲೆತ್ತರಕ್ಕೆ. ಈಗ ಕಡ್ಡಿ ಎಳೆಯಬೇಕು. ನಾನು ಇವರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಹೆಬ್ಬೆರಳು ಅಲ್ಲಾಡಲಿಲ್ಲ. ಸಾವಂತ್ ಮುಂದೆ ಒಂದು ಹೆಜ್ಜೆ ಇಟ್ಟರು. ನಾನು ಅವರ ಅಂಗಿ ಹಿಡಿದೆ. ವಿಮಾನ ಬೀಳಲಿಲ್ಲ, ಮುಂದೆ ಹಾರಿಹೋಗಲೂ ಇಲ್ಲ, ಗಿಳಿಹಸಿರು ರೆಕ್ಕೆ ಸ್ವಲ್ಪ ಓಲಾಡುತ್ತಾ ಕಾದಿತು. ಆಮೇಲೆ ಹೆಬ್ಬೆರಳು ಹೊರಟಿತು. ಕೂದಲೆಳೆಯಷ್ಟೇ ಎಳೆಯಿತು. ದೋಣಿಗಳು ನೀರಿಗೆ ತಾಗಿ ಒಮ್ಮೆ ಪುಟಿದು ಕುಳಿತವು.

ಕುಳಿತದ್ದು ಕೆರೆಯ ನಡುವೆ. ಅಷ್ಟೂ ಹೊತ್ತು ನಿಧಾನ ಹಾರಿ ಬ್ಯಾಟರಿ ಮುಗಿದಿತ್ತು. ಫ್ಯಾನು ನಿಂತಿತು. ಈಜಿ ತರುತ್ತೇನೆ ಎಂದರು ಸಾವಂತ್.

"ಬೇಡ. ಗಾಳಿ ಈ ಕಡೆಗೇ ಉಂಟು. ಬರುತ್ತದೆ," ಎಂದು ಇವರು ಹುಲ್ಲಿನ ಮೇಲೆ ಕುಳಿತರು. ನಾವೂ ಕುಳಿತೆವು. ವಿಮಾನ ಅಂಗುಲ ಅಂಗುಲವಾಗಿ ನಮ್ಮ ಕಡೆಗೆ ತೇಲಿತು. ತಂದಿದ್ದ ಅವಲಕ್ಕಿ ತಿಂದೆವು. ಇವರ ಕೈ ಮಡಿಲಲ್ಲಿ ಮತ್ತೆ ನಡುಗತೊಡಗಿತ್ತು. ಸಾಮಾನ್ಯವಾಗಿ ನಾನು ಅದನ್ನು ಹಿಡಿದುಕೊಳ್ಳುತ್ತೇನೆ. ಅವತ್ತು ಹಿಡಿಯಲಿಲ್ಲ. ಅದರ ಕೆಲಸ ಮುಗಿದಿತ್ತು, ಅದರ ಪಾಡಿಗೆ ಬಿಟ್ಟೆ.

ಸ್ವಲ್ಪ ದೂರದಲ್ಲಿ ಒಬ್ಬಾತ ಎಮ್ಮೆಗಳನ್ನು ನೀರಿಗಿಳಿಸುತ್ತಿದ್ದ. ಈಗಷ್ಟೇ ಬಂದವನು, ಏನನ್ನೂ ನೋಡಿರಲಿಲ್ಲ. ಕೆರೆಯ ನಡುವಿನ ವಿಮಾನವನ್ನೂ ದಂಡೆಯಲ್ಲಿ ಕುಳಿತ ನಮ್ಮನ್ನೂ ನೋಡಿ ಕನಿಕರದಿಂದ ಕೇಳಿದ: "ಪಡಲಂ ಕಾ ಕಾಕಾ?" ಬಿತ್ತಾ ಎಂದು.

ಇವರಿಗೆ ಮಾತು ಬಾಯಿಗೆ ಬರಲು ಒಂದು ಗಳಿಗೆ ಹಿಡಿಯಿತು. ಇವರ ಮರಾಠಿಯಲ್ಲಿ ಎಮ್ಮೆ, ವಿಮಾನ, ಹೆಂಡತಿ ಎಲ್ಲರೂ ಗಂಡಸರೇ.

"ಪಡಲಾ ನಾಹೀ," ಎಂದರು. "ಮೀ ಉತರವಲಾ." ಬೀಳಲಿಲ್ಲ, ನಾನು ಇಳಿಸಿದ್ದು.

ಅವನು ತಲೆಯಾಡಿಸಿ ಎಮ್ಮೆಯ ಬೆನ್ನುಜ್ಜಲು ಹೋದ. ಅವನಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇವರಿಗೆ ಅನುಮಾನ ಬಂತು. ನನ್ನ ಭುಜ ಹಿಡಿದು ಎದ್ದುನಿಂತರು. ಮತ್ತೆ ಅವನನ್ನು ಕೂಗಿ ಕರೆದರು. ಅವನು ಉಜ್ಜುವುದನ್ನು ಬಿಟ್ಟು ಹತ್ತಿರ ಬಂದ ಮೇಲೆ ಇನ್ನೊಂದು ಸಲ ಹೇಳಿದರು.